ಕರಿ ಡಬ್ಬಿಯೋ ಬಿಳಿ ಡಬ್ಬಿಯೋ

ತಮ್ಮನಿಗೆ,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ನನ್ನ ಕೆಲಸ ಹೊಲಿಗೆ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆ ಅಂದರೆ ಕಣ್ಣು ಮುಚ್ಚಿಕೊಂಡು ಎಳೆಯುತ್ತೇನೆ. ಕಾಗದದ ಮುಂದೆ ಪೆನ್ನು ಹಿಡಿದು ಕೂರು ಅಂದರೆ ಮೊದಲು ಕುತ್ತಿಗೆ ನೋಯುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಆದರೂ ಕೂತಿದ್ದೇನೆ. ಕೂರಿಸಿದವರು ನಿನ್ನ ಭಾವ. ಸ್ಲೇಟು ಹಿಡಿದು ಮಹಡಿಯಿಂದ ಇಳಿದು ಬಂದು ನನ್ನ ಮೂಗಿನ ಮುಂದೆ ಹಿಡಿದರು. "ಅವನಿಗೆ ಫೋನ್ ಮಾಡಬೇಡ. ಬೈದು ಇಟ್ಟುಬಿಡ್ತೀಯ. ಬರೆದು ಕೇಳು." ನಾನು ಯಾವಾಗ ಬೈದೆ, ಯಾರಿಗೆ ಬೈದೆ, ಬೈಯೋದಕ್ಕೆ ನನಗೇನು ಬೇರೆ ಕೆಲಸ ಇಲ್ವಾ ಎಂದು ಜೋರು ಮಾಡಿದೆ. ಸ್ಲೇಟು ಒರೆಸಿ ಒಂದೇ ಮಾತು ಬರೆದರು: "ಈಗ."

ಅದಕ್ಕೇ ಈ ಕಾಗದ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಕೋಟುಗಳಿಗೆ ಗುಂಡಿ ಹಾಕುತ್ತಾ ಕೂತವಳ ಅಕ್ಷರ ಇನ್ನು ಹೇಗಿರುತ್ತದೆ? ನೀನು ಕನ್ನಡಕ ಏರಿಸಿಕೊಂಡು ಓದಿದೆಯಲ್ಲ, ಈಗ ಇದನ್ನೂ ಓದು.

ನೀನು ಹಾಕಿಕೊಟ್ಟಿದ್ದ ವೈಫೈ ರೂಟರ್ ಸತ್ತಿದೆ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಎರಡನೇ ಸಲ ಬಂದಾಗ ಟಪ್ ಎಂದಿತು. ಇಸ್ತ್ರಿಯಡಿ ಗುಂಡಿ ಸಿಕ್ಕಿ ಸುಟ್ಟಾಗ ಬರುತ್ತದಲ್ಲ, ಅಂಥ ವಾಸನೆ. ಮೂರು ಕಂಪ್ಯೂಟರುಗಳಿಗೂ ಯುಪಿಎಸ್ ಇದ್ದದ್ದರಿಂದ ಬದುಕಿಕೊಂಡವು. ರೂಟರಿಗೆ ಮಾತ್ರ ಅದರಲ್ಲಿ ಜಾಗ ಸಾಲಲಿಲ್ಲ ಎಂದು ನೇರವಾಗಿ ಗೋಡೆಗೆ ಚುಚ್ಚಿ ಹೋದವನು ನೀನು. ಇದು ಬೈಗುಳವಲ್ಲ, ಆದದ್ದನ್ನು ಹೇಳಿದೆ.

ಅವತ್ತೇ ನಿನಗೆ ಫೋನ್ ಮಾಡಿದೆ. ನೀನೇನಂದೆ? "ಅಕ್ಕಾ, ಆ ಗುಜರಿ ಸಾಮಾನು ಇನ್ನೂ ಇಟ್ಕೊಂಡಿದ್ದೀಯಾ? ಮೂರನ್ನೂ ತೂಕಕ್ಕೆ ಹಾಕು. ಭಾವನಿಗೆ ಒಂದು ಒಳ್ಳೇ ಟ್ಯಾಬ್ ಕಳಿಸ್ತೀನಿ. ಬರೆದದ್ದನ್ನ ಅದೇ ಓದಿ ಹೇಳುತ್ತೆ. ಗಂಡಸಿನ ಧ್ವನಿ, ಹೆಂಗಸಿನ ಧ್ವನಿ, ಯಾವುದು ಬೇಕೋ ಆರಿಸ್ಕೋಬಹುದು." ನನ್ನ ಗಂಡನಿಗೆ ಗಂಡಸಿನ ಧ್ವನಿ ಬೇಕೋ ಹೆಂಗಸಿನದು ಬೇಕೋ ಎಂದು ನನ್ನನ್ನೇ ಕೇಳುತ್ತೀಯಲ್ಲ, ಅದಕ್ಕೇ ಫೋನ್ ಇಟ್ಟದ್ದು. ಇಡದೆ ಏನು ಮಾಡಲಿ, ಆರತಿ ಎತ್ತಲಾ?

ನೀನು ಹಟಮಾರಿ, ಟ್ಯಾಬ್ ಕಳಿಸಿಯೇಬಿಟ್ಟೆ. ಸರಿ, ನೋಡೋಣ ಎಂದು ಇವರ ಕೈಗೆ ಕೊಟ್ಟೆವು. ಇವರ ಕಣ್ಣು ಈಗ ಮೊದಲಿನ ಹಾಗಿಲ್ಲ. ಆ ಗಾಜಿನ ಮೇಲಿನ ಅಕ್ಷರಗಳು ಇವರಿಗೆ ಚೆಲ್ಲಿದ ಸಾಸಿವೆ. ಕಚೇರಿಯಲ್ಲಿ ಜೀವಮಾನವೆಲ್ಲ ಟೈಪಿಸ್ಟ್ ಆಗಿದ್ದ ಮನುಷ್ಯ. ಬೆರಳು ಕೆಳಗೆ ಒತ್ತಬೇಕು, ಕೀಲಿ ಮೇಲೆ ಬರಬೇಕು, ಸದ್ದಾಗಬೇಕು. ಕಣ್ಣಿನ ಕೆಲಸವೇ ಇಲ್ಲ ಅದರಲ್ಲಿ. ಗಾಜಿನ ಮೇಲೆ ಬೆರಳಿಗೆ ಎಲ್ಲಿ ಹೋಗಬೇಕೆಂದೇ ಗೊತ್ತಾಗಲಿಲ್ಲ. ಕೊನೆಗೆ ಮಗಳೇ "ನಮಸ್ಕಾರ, ಚೆನ್ನಾಗಿದ್ದೀರಾ" ಎಂದು ಬರೆದು ಒತ್ತಿದಳು. ಬ್ಯಾಂಕಿನಲ್ಲಿ ನಂಬರ್ ಕೂಗುತ್ತದಲ್ಲ, ಅಂಥ ಒಂದು ಗಂಡಸಿನ ಧ್ವನಿ ನಮ್ಮ ಮನೆಯೊಳಗೆ ನಮಸ್ಕಾರ ಅಂದಿತು. ಇವರು ಸುತ್ತ ನೋಡಿದರು. ಸ್ಲೇಟಿನಲ್ಲಿ ಬರೆದರು: "ಇವನ್ಯಾರು?"

ಟ್ಯಾಬ್ ಈಗ ಮಗಳ ಹತ್ತಿರ ಇದೆ. ಹಾಳು ಮಾಡಿಲ್ಲ, ಹೆದರಬೇಡ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯಬೇಕಾಗಿ ಬಂದಿದೆ, ಏಕೆಂದರೆ ನಿನ್ನ ಮಾತು ಕೇಳಿದರೆ ಎಲ್ಲ ಮರೆತವನ ಹಾಗಿದೆ. ಗಂಟಲಿನ ಆಪರೇಷನ್ ಆಗಿ ಇವರು ಮನೆಗೆ ಬಂದಾಗ ಮಾತು ಹೋಗಿತ್ತು. ಡಾಕ್ಟರು ಮೊದಲೇ ಹೇಳಿದ್ದರು, ಜೀವ ಉಳಿಯುತ್ತೆ, ಧ್ವನಿ ಉಳಿಯಲ್ಲ ಎಂದು. ನಾನು ನಿನ್ನ ಹತ್ತಿರ ಅತ್ತುಕೊಳ್ಳಲಿಲ್ಲ. ಅತ್ತರೆ ಸುಳ್ಳಾಗುತ್ತಿತ್ತು. ಗಂಟಲಿದ್ದಾಗ ಈ ಮನುಷ್ಯ ಎಷ್ಟು ಮಾತಾಡುತ್ತಿದ್ದರು ಹೇಳು? "ಊಟ ಆಯ್ತಾ", "ಕೊಡೆ ಎಲ್ಲಿ", "ಬಂದೆ". ಮೂರು ಮಾತಿನಲ್ಲಿ ಸಂಸಾರ ಮಾಡಿದವರು. ಮದುವೆಯಾದ ಹೊಸದರಲ್ಲಿ ನಾನು ನಮ್ಮಮ್ಮನಿಗೆ ಹೇಳಿದ್ದೆ, "ಗೋಡೆಗಾದರೂ ತಟ್ಟಿದರೆ ಸದ್ದು ಬರುತ್ತೆ ಕಣಮ್ಮಾ" ಎಂದು. ಹಾಗಿರುವಾಗ ಧ್ವನಿ ಹೋಯಿತು ಎಂದು ನಾನು ಏನನ್ನು ಕಳೆದುಕೊಂಡೆ ಎಂದು ಅಳಲಿ?

ಆಗ ನೀನು ಬಂದೆ. ಯಾವುದೋ ಆಫೀಸಿನವರು ಬೇಡವೆಂದು ಹೊರಗೆ ಹಾಕಿದ್ದ ಮೂರು ಕಂಪ್ಯೂಟರು ಹೊತ್ತುಕೊಂಡು ಬಂದೆ. ಒಂದು ಮಹಡಿಯ ಮೇಲೆ ಇವರ ಕಿಟಕಿಯ ಹತ್ತಿರ, ಒಂದು ಕೆಳಗೆ ಹೊಲಿಗೆ ಕೋಣೆಯಲ್ಲಿ, ಒಂದು ಅಡುಗೆಮನೆಯಲ್ಲಿ. ಇವರು ಮೇಲೆ ಟೈಪ್ ಮಾಡಿದರೆ ಕೆಳಗೆ ಗಂಟೆ ಹೊಡೆದು, ಮುಷ್ಟಿ ಗಾತ್ರದ ಅಕ್ಷರದಲ್ಲಿ ಕಾಣಬೇಕು, ಹಾಗೊಂದು ಪ್ರೋಗ್ರಾಮು ನೀನೇ ಬರೆದು ಹಾಕಿದೆ. ನಾನು ಟೈಪ್ ಮಾಡಲು ಕಲಿಯುವುದಿಲ್ಲ ಎಂದೆ. "ನೀನ್ಯಾಕೆ ಕಲೀಬೇಕು, ಭಾವನಿಗೆ ಕಿವಿ ಇದೆಯಲ್ಲ, ಕೂಗು" ಎಂದೆ ನೀನು. ನೀನು ಜೀವನದಲ್ಲಿ ಆಡಿದ ಕೆಲವೇ ಬುದ್ಧಿವಂತಿಕೆಯ ಮಾತುಗಳಲ್ಲಿ ಅದೊಂದು.

ಮೊದಲ ದಿನ ಬಂದ ಮೊದಲ ಮಾತು ಏನು ಗೊತ್ತಾ? "ಮೆಷೀನಿಗೆ ಎಣ್ಣೆ ಹಾಕು. ಕೀಚ್ ಅಂತಿದೆ." ನನಗೆ ರೇಗಿತು. ಮೇಲೆ ಕೂತು ಮೇಸ್ತ್ರಿಗಿರಿ ಮಾಡುತ್ತಾರೆ ಎಂದು ಕೂಗಿದೆ. ಎಣ್ಣೆ ಹಾಕಿದೆ. ಗಂಟೆ ಹೊಡೆಯಿತು. "ಈಗ ಸರಿ. ನಿನ್ನೆ ಸಂಜೆಯಿಂದ ಹಾಗೇ ಅಂತಿತ್ತು." ಆಗ ಕೈ ನಿಂತಿತು ನನ್ನದು. ನಿನ್ನೆ ಸಂಜೆಯಿಂದ ಕೇಳಿಸಿಕೊಳ್ಳುತ್ತಿದ್ದಾರೆ ಅಂದರೆ, ಇಷ್ಟು ವರ್ಷ ಏನೇನು ಕೇಳಿಸಿಕೊಂಡಿರಬೇಕು ಈ ಮನುಷ್ಯ?

ಅಲ್ಲಿಂದ ಶುರುವಾಯಿತು ನೋಡು. ಬಾಯಿದ್ದಾಗ ಮೂಗ, ಬಾಯಿ ಹೋದ ಮೇಲೆ ವಾಚಾಳಿ. ಬಾಗಿಲ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಸಾಕು, ಬರುವವರು ಯಾರೆಂದು ನನಗಿಂತ ಮೊದಲು ಇವರಿಗೆ ಗೊತ್ತು. "ಔಷಧಿ ಅಂಗಡಿಯವನ ಹೆಂಡತಿ ಬರ್ತಿದ್ದಾಳೆ. ಎಡಗಾಲಿನ ಚಪ್ಪಲಿ ಎಳೀತಾಳೆ." "ಮೂಲೆಮನೆಯವನು. ಸಾಲವಾಗಿ ಸೂಜಿ ಕೇಳ್ತಾನೆ, ಕೊಡಬೇಡ, ಹೋದದ್ದು ಬಂದಿಲ್ಲ." ನಾನು ಕೆಳಗಿನಿಂದ ಕೂಗುತ್ತೇನೆ, "ಗೊತ್ತು ರೀ, ಸುಮ್ನಿರಿ!" ಬಂದ ಗಿರಾಕಿಗಳಿಗೆ ಗಂಟೆ ಕೇಳಿಸುತ್ತದೆ, ಆಮೇಲೆ ನನ್ನ ಕೂಗು ಕೇಳಿಸುತ್ತದೆ, ಇವರ ಪಾಲಿನ ಮಾತು ಕೇಳಿಸುವುದಿಲ್ಲ. ಹೊಸಬರು ಬಾಗಿಲಲ್ಲೇ ನಿಲ್ಲುತ್ತಾರೆ. ಟೈಲರಮ್ಮನಿಗೆ ತಲೆ ಸರಿಯಿಲ್ಲ ಎಂದು ಬೀದಿಯಲ್ಲಿ ಮಾತು. ಹೊಲಿಗೆ ಸರಿಯಿದೆ, ತಲೆ ಕಟ್ಟಿಕೊಂಡು ಏನಾಗಬೇಕು ಅವರಿಗೆ?

ಒಮ್ಮೆ ಒಬ್ಬಳು ಬಂದಳು. ಕೋಟಿನ ತೋಳು ಬಿಗಿ ಮಾಡಿದ್ದೀಯ, ಅಳತೆ ತೆಗೆಯೋಕೆ ಬರಲ್ವಾ, ಬಟ್ಟೆ ಹಾಳು ಮಾಡಿದೆ ಎಂದು ಕುಣಿದಳು. ನನಗೂ ಸಿಟ್ಟು ನೆತ್ತಿಗೇರಿತ್ತು, ಆದರೂ ತುಟಿ ಕಚ್ಚಿಕೊಂಡು ನಿಂತಿದ್ದೆ. ಗಂಟೆ ಹೊಡೆಯಿತು. ಅವಳು ತಿರುಗಿ ನೋಡಿದಳು. ಪರದೆ ಅವಳ ಕಡೆಗೇ ಇತ್ತು. ಮುಷ್ಟಿ ಗಾತ್ರದ ಅಕ್ಷರ: "ನಿನ್ನ ಹೊಲಿಗೆ ಸರಿಯಾಗಿದೆ. ಅವಳ ತೋಳು ದಪ್ಪ ಆಗಿದೆ. ಹೆದರಬೇಡ, ಹೇಳು." ಆ ಗಿರಾಕಿ ಮತ್ತೆ ಬರಲಿಲ್ಲ. ಪರದೆಯನ್ನು ಗಿರಾಕಿಗಳಿಗೆ ಕಾಣದ ಹಾಗೆ ನನ್ನ ಕಡೆ ತಿರುಗಿಸಿಟ್ಟೆ. ಆದರೆ ಒಂದು ಮಾತು ಹೇಳುತ್ತೇನೆ ತಮ್ಮಾ, ನನ್ನ ಪರವಾಗಿ ಈ ಮನುಷ್ಯ ಬಾಯಿ ತೆರೆದದ್ದು ಅದೇ ಮೊದಲು. ಅದೂ ಬಾಯಿ ಹೋದ ಮೇಲೆ.

ಇನ್ನೊಂದು ಇದೆ. ಅದನ್ನು ಯಾರಿಗೂ ಹೇಳಿಲ್ಲ. ನನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋದದ್ದು ನಿನಗೆ ನೆನಪಿರಲಿಕ್ಕಿಲ್ಲ, ನೀನಾಗ ಚಡ್ಡಿ ಜಾರಿಸಿಕೊಂಡು ಓಡಾಡುತ್ತಿದ್ದೆ. ನಾನು ಆಸ್ಪತ್ರೆಯಲ್ಲಿ ಮಲಗಿದ್ದೆ. ಇವರು ಹೊರಗೆ ಓಣಿಯಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ. ಮನೆಗೆ ಕರೆತಂದರು, ಊಟ ಆಯ್ತಾ ಎಂದರು, ಅಷ್ಟೇ. ನಾನೂ ಕೇಳಲಿಲ್ಲ. ಕೇಳದೆ ಮೂವತ್ತು ವರ್ಷದ ಮೇಲಾಯಿತು. ಹೋದ ವರ್ಷ ಒಂದು ಮಧ್ಯಾಹ್ನ ಒಬ್ಬರಿಗೆ ಕಾಲರ್ ಅಳತೆ ನೋಡುತ್ತಿದ್ದೆ, ಬಾಯಲ್ಲಿ ಗುಂಡುಸೂಜಿ. ಗಂಟೆ ಹೊಡೆಯಿತು. "ಅವತ್ತು ಒಳಗೆ ಬಂದು ನಿನ್ನ ಕೈ ಹಿಡ್ಕೋಬೇಕಿತ್ತು. ನಿನ್ನ ಮುಖ ನೋಡೋ ಧೈರ್ಯ ಬರಲಿಲ್ಲ." ಯಾವತ್ತು ಎಂದು ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಸೂಜಿ ಬಾಯಿಂದ ತೆಗೆದು "ಕೇಳಿಸ್ತು!" ಎಂದು ಕೂಗಿದೆ. ಅಷ್ಟೇ ಕೂಗಿದೆ. ಗಿರಾಕಿ ಬೆಚ್ಚಿಬಿದ್ದ. ಅವತ್ತು ಹೊಲಿದ ತೋಳು ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೊಲಿದೆ.

ಈಗ ಅರ್ಥವಾಯಿತಾ ನಿನ್ನ ಟ್ಯಾಬ್ ನನಗೆ ಯಾಕೆ ಬೇಡ ಎಂದು? ಎದುರಿಗೆ ಕೂತು ಮಾತಾಡುವ ಮನುಷ್ಯ ಇವರಲ್ಲ. ನಾನೂ ಎದುರಿಗೆ ಕೂತು ಕೇಳಿಸಿಕೊಳ್ಳುವವಳಲ್ಲ. ನನ್ನ ಮುಖ ಹೇಗೆಂದು ನಿನಗೆ ಗೊತ್ತೇ ಇದೆ. ಇವರು ಮೇಲೆ ಕೂತು ಕಿಟಕಿಯಾಚೆ ನೋಡುತ್ತಾ ಒತ್ತಬೇಕು, ನಾನು ಕೆಳಗೆ ಬಟ್ಟೆ ನೋಡುತ್ತಾ ಓದಬೇಕು. ನಡುವೆ ಒಂದು ಮಹಡಿ ಇರಬೇಕು. ಹಾಗಿದ್ದರೆ ಮಾತು ಬರುತ್ತದೆ, ಇಲ್ಲದಿದ್ದರೆ ಇಲ್ಲ.

ರೂಟರ್ ಸತ್ತ ಮೇಲೆ ಸ್ಲೇಟು ಬಂತು. ಸ್ಲೇಟಿಗೆ ಯಾರಾದರೂ ಎದುರು ನಿಂತು ಕಾಯಬೇಕು. ಇವರು ಬರೆಯಲು ಶುರು ಮಾಡುತ್ತಾರೆ, ನಾನು ನಿಂತಿರುವುದನ್ನು ನೋಡುತ್ತಾರೆ, ಒರೆಸುತ್ತಾರೆ, "ಏನಿಲ್ಲ ಬಿಡು" ಎಂದು ಬರೆಯುತ್ತಾರೆ. ದಿನಕ್ಕೆ ಎಷ್ಟು ಸಲ ಈ "ಏನಿಲ್ಲ ಬಿಡು" ಓದಬೇಕು ನಾನು? ಹಿಂದೆ ಮನೆ ಮೌನವಾಗಿದ್ದಾಗ ಅದು ಮೌನ ಅಂತಲೇ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗುತ್ತದೆ.

ಅದಕ್ಕೇ ಹೊಸ ರೂಟರ್ ಆರಿಸಲು ಹೊರಟೆ. ಕಂಪ್ಯೂಟರ್ ಅಂಗಡಿಯವನು ಒಳ್ಳೆಯವನೇ, ಅವನ ಕೋಟುಗಳೆಲ್ಲ ನನ್ನ ಕೈಯವೇ. ಎರಡು ಡಬ್ಬಿ ಕೊಟ್ಟು ಮನೆಯಲ್ಲಿ ಹಾಕಿ ನೋಡಿ, ಬೇಡದ್ದು ವಾಪಸ್ ಕೊಡಿ ಎಂದ. ಒಂದು ಕರಿಯದು, ಹೊಸ ಮಾದರಿ, ಆರು ಕೊಂಬು, ನೋಡಿದರೆ ಸತ್ತು ಅಂಗಾತ ಬಿದ್ದ ಜಿರಲೆ. ಇನ್ನೊಂದು ಬಿಳಿಯದು, ಹಳೇ ಮಾದರಿ, ಎರಡೇ ಕೊಂಬು.

ಕರಿ ಡಬ್ಬಿ ಹಾಕಿದೆವು. ಮಗಳ ಲ್ಯಾಪ್‌ಟಾಪ್ ಕುದುರೆಯಂತೆ ಓಡಿತು. ಅವಳೀಗ ಮನೆಯಲ್ಲೇ ಕೂತು ಆಸ್ಪತ್ರೆಯೊಂದಕ್ಕೆ ರಿಪೋರ್ಟು ಬರೆದುಕೊಡುತ್ತಾಳಲ್ಲ, ಅದು. ಆದರೆ ಹೊಲಿಗೆ ಕೋಣೆಯ ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ಮತ್ತೆ ಕೇಳುತ್ತದೆ, ಮತ್ತೆ ಕೊಟ್ಟರೆ ಮತ್ತೆ ಕೇಳುತ್ತದೆ, ಹತ್ತು ಸಲ ಹೇಳಿದರೂ ಕೇಳದ ನಿನ್ನ ಹಾಗೆ. ಅಂಗಡಿಯವನು ಬಂದು ನೋಡಿದ. ಹೊಸ ಡಬ್ಬಿಯ ಬೀಗ ಹೊಸ ನಮೂನೆಯದಂತೆ, ಹಳೇ ಕಂಪ್ಯೂಟರಿಗೆ ಆ ಬೀಗ ತೆಗೆಯಲು ಬರುವುದಿಲ್ಲವಂತೆ.

ಬಿಳಿ ಡಬ್ಬಿ ಹಾಕಿದೆವು. ಅದರ ಬೀಗವನ್ನು ಹಳೇ ನಮೂನೆಗೆ ಇಳಿಸಿದ. ಹೊಲಿಗೆ ಕೋಣೆಯದು ಮಾತಿಲ್ಲದೆ ಸೇರಿಕೊಂಡಿತು. ಆದರೆ ಈಗ ಮಗಳ ಲ್ಯಾಪ್‌ಟಾಪ್ ಮೂತಿ ತಿರುಗಿಸಿತು. ಬೀಗ ಸಡಿಲ, ಬೇರೆಯವರು ನುಗ್ಗಬಹುದು, ರೋಗಿಗಳ ರಿಪೋರ್ಟು ಇಂಥ ದಾರಿಯಲ್ಲಿ ಕಳಿಸಬಾರದು ಎಂದು ಅವಳ ಆಫೀಸಿನ ಕಟ್ಟಳೆ. ತಪ್ಪಲ್ಲ ಅದು. ನನ್ನ ರಿಪೋರ್ಟಾದರೆ ನಾನೂ ಹಾಗೇ ಹೇಳುತ್ತಿದ್ದೆ.

ಆಗ ಶುರುವಾಯಿತು ಇಬ್ಬರ ನಾಟಕ. ಮಗಳು, "ಬಿಳೀದೇ ಇರಲಿ ಬಿಡಮ್ಮ, ನಾನು ಮತ್ತೆ ಆಫೀಸಿರೋ ಊರಲ್ಲೇ ರೂಮ್ ಮಾಡ್ಕೊಂಡು ಅಲ್ಲಿಗೇ ಹೋಗ್ತೀನಿ" ಎಂದಳು. ಇವರು ಸ್ಲೇಟಿನಲ್ಲಿ, "ಕರಿಯದೇ ಇರಲಿ. ಅವಳ ಕೆಲಸ ಮುಖ್ಯ. ನನ್ನದೇನು, ಸ್ಲೇಟು ಸಾಕು" ಎಂದು ಬರೆದರು. ಅವಳು ಬೇಡ ಎಂದಳು, ಇವರು ಬೇಡ ಎಂದು ತಲೆಯಾಡಿಸಿದರು. ಒಬ್ಬರಿಗಿಂತ ಒಬ್ಬರು ದೊಡ್ಡ ತ್ಯಾಗಮೂರ್ತಿಗಳು! ನಾನು ಗಜಕಡ್ಡಿಯಿಂದ ಮೇಜಿಗೆ ಬಡಿದು ಹೇಳಿದೆ, "ಯಾರೂ ಏನೂ ಬಿಟ್ಟುಕೊಡೋದು ಬೇಡ. ಇವಳೂ ಮನೇಲಿರಬೇಕು, ಇವರ ಮಾತೂ ಮನೇಲಿರಬೇಕು. ಎರಡಕ್ಕೂ ಆಗೋ ದಾರಿ ಇದ್ರೆ ಹೇಳಿ, ಇಲ್ಲದಿದ್ರೆ ಬಾಯಿ ಮುಚ್ಚಿ." ಆಮೇಲೆ ನಾಲಿಗೆ ಕಚ್ಚಿಕೊಂಡೆ. ಇವರು ಮಾತ್ರ ನಕ್ಕರು, ಭುಜ ಕುಣಿಯುವ ಹಾಗೆ. ಬಹಳ ದಿನದ ಮೇಲೆ ನಕ್ಕದ್ದು.

ದಾರಿ ಹೇಳಿದವಳು ಮಗಳೇ. "ಎರಡೂ ಡಬ್ಬಿ ಇಟ್ಕೊಂಡ್ರೆ? ಕರಿಯದು ನನಗೆ. ಬಿಳಿಯದಕ್ಕೆ ಹೊರಗಿನ ನೆಟ್ಟೇ ಕೊಡೋದು ಬೇಡ. ಅಪ್ಪನ ಮಾತು ಮಹಡಿಯಿಂದ ಕೆಳಗಿಳಿದರೆ ಸಾಕು, ಲೋಕ ಸುತ್ತಬೇಕಾಗಿಲ್ಲವಲ್ಲ." ಅಂಗಡಿಯವನು ತಲೆ ಕೆರೆದುಕೊಂಡ. "ಆಗುತ್ತೆ. ಆದ್ರೆ ಒಂದೇ ಮನೇಲಿ ಎರಡು ಇದ್ರೆ ಒಂದರ ಮೇಲೊಂದು ಕೂಗಾಡ್ತವೆ. ಬೇರೆ ಬೇರೆ ಚಾನೆಲ್‌ಗೆ ಹಾಕ್ಬೇಕು." ಕೂಗಾಡುವುದು ಈ ಮನೆಗೆ ಹೊಸದಲ್ಲ, ಹಾಕಪ್ಪ ಎಂದೆ.

ಹಾಗಾದರೆ ನಿನ್ನನ್ನು ಯಾಕೆ ಕೇಳುತ್ತಿದ್ದೇನೆ? ಇಲ್ಲಿದೆ ಗಂಟು. ಕೆಳಗಿನ ಕಂಪ್ಯೂಟರು ಬಿಳಿ ಡಬ್ಬಿಗೆ ಸೇರಿದರೂ ನಿನ್ನ ಪ್ರೋಗ್ರಾಮಿನಲ್ಲಿ ಮೇಲಿನ ಕೋಣೆ ಸಿಗಲಿಲ್ಲ. ಮೇಲಿನದು ಇನ್ನೂ ಸತ್ತ ರೂಟರನ್ನೇ ಹುಡುಕುತ್ತಾ ಕೂತಿದೆಯಂತೆ. ಅಂಗಡಿಯವನು ಎರಡು ಉಪಾಯ ಹೇಳಿದ. ಒಂದು, ಸತ್ತ ರೂಟರಿಗಿದ್ದ ಹೆಸರು, ಪಾಸ್‌ವರ್ಡ್, ಐಪಿ ಅನ್ನುವ ಅದರ ವಿಳಾಸದ ನಂಬರು, ಮೂರನ್ನೂ ಬಿಳಿ ಡಬ್ಬಿಗೆ ಕೊಟ್ಟರೆ, ಮೇಲಿನದು ಹಳಬನೇ ಬಂದ ಎಂದುಕೊಂಡು ತಾನಾಗಿ ಬಂದು ಸೇರುತ್ತದೆ. ಹೆಸರು ಕೆಳಗಿನ ಕಂಪ್ಯೂಟರಿನಲ್ಲೇ ಸಿಕ್ಕಿತು. "ಅಕ್ಕನ ಬಾಯಿ" ಎಂದು ಇಟ್ಟಿದ್ದೀಯಲ್ಲ, ಅಂಗಡಿಯವನ ಎದುರಿಗೆ ಮಗಳು ಗಟ್ಟಿಯಾಗಿ ಓದಿದಳು. ನೀನು ಸಿಗು, ಮಾತಾಡೋಣ. ಪಾಸ್‌ವರ್ಡಿನ ಜಾಗದಲ್ಲಿ ಮಾತ್ರ ಬರೀ ಚುಕ್ಕೆಗಳು. ಎರಡನೇ ಉಪಾಯ, ಈ ಜಾತಿಯವರೆಲ್ಲ ಎಲ್ಲದಕ್ಕೂ ಹೇಳುವುದು: "ಮೇಲಿನದನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಹೊಸ ಡಬ್ಬಿಗೆ ಸೇರಿಸಿದ್ರೆ ಆಯ್ತಮ್ಮ, ನಾನು ಸರಿ ಮಾಡ್ತೀನಿ." ಹಾಗೆಂದು ಮೆಟ್ಟಿಲು ಹತ್ತಲು ಹೊರಟ. ನಾನು ಮೆಟ್ಟಿಲಿಗೆ ಅಡ್ಡ ನಿಂತೆ. ಮೇಲಕ್ಕೆ ಕಾಲಿಟ್ಟರೆ ನಿನ್ನ ಮುಂದಿನ ಕೋಟಿಗೆ ಮೂರು ತೋಳಿಡುತ್ತೇನೆ ಎಂದೆ. ಅಮ್ಮನಿಗೆ ಏನಾಯಿತು ಎಂದು ಮಗಳು ನೋಡಿದಳು. ಅವಳಿಗೆ ಕಾರಣ ಹೇಳಿಲ್ಲ. ನಿನಗೆ ಹೇಳುತ್ತೇನೆ.

ಅದಕ್ಕೆ ಹಿಂದಿನ ದಿನ ಚಹಾ ತೆಗೆದುಕೊಂಡು ಮೇಲೆ ಹೋಗಿದ್ದೆ. ಹೋಗುವಾಗಲೇ ಕೀಲಿಗಳ ಸದ್ದು. ಡಬ್ಬಿ ಸತ್ತಿದೆ, ದಾರಿ ಇಲ್ಲ, ಇವರು ಮಾತ್ರ ಟೈಪ್ ಮಾಡುತ್ತಿದ್ದಾರೆ. ನನ್ನನ್ನು ಕಂಡ ತಕ್ಷಣ ಹೆಗಲ ಮೇಲಿನ ಟವೆಲ್ಲು ಎಳೆದು ಪರದೆಯ ಮೇಲೆ ಹಾಕಿದರು, ಸ್ಲೇಟಿನಲ್ಲಿ ಮೇಷ್ಟ್ರ ಚಿತ್ರ ಬರೆದು ಸಿಕ್ಕಿಬಿದ್ದ ಹುಡುಗನ ಹಾಗೆ. ಅಷ್ಟರೊಳಗೆ ನಾನು ನೋಡಿಯಾಗಿತ್ತು. ಕೆಳಗೆ ತಲುಪಿದ ಸಾಲು ಕಪ್ಪಗೆ, ತಲುಪದ ಸಾಲು ಕೆಂಪಗೆ ಕಾಣುವ ಹಾಗೆ ನೀನೇ ಮಾಡಿದ್ದೆಯಲ್ಲ. ಪರದೆ ಮೇಲಿನಿಂದ ಕೆಳಗಿನವರೆಗೆ ಕೆಂಪು. ಓದಲಿಲ್ಲ, ನನ್ನ ಕಣ್ಣಿಗೆ ಅಷ್ಟು ಬೇಗ ಓದಲೂ ಬರುವುದಿಲ್ಲ. ಏನ್ರೀ ಅದು ಎಂದೆ. "ಸುಮ್ಮನೆ. ಕೈಗೆ ರೂಢಿ" ಎಂದು ಬರೆದರು. ನಂಬಲು ನಾನೇನು ನಿನ್ನೆ ಮೊನ್ನೆ ಹುಟ್ಟಿದವಳಾ?

ಇವರು ಮಲಗಿರುವಾಗ ಟವೆಲ್ಲು ಎತ್ತಿ ನಿಧಾನಕ್ಕೆ ಅಕ್ಷರ ಕೂಡಿಸಿ ಓದಬಹುದು. ಕಳ್ಳತನವೇನೂ ಅಲ್ಲ, ನನಗೇ ಬರೆದದ್ದಿರಬೇಕು. ಒಂದು ಸಲ ಮೆಟ್ಟಿಲ ತುದಿಯವರೆಗೆ ಹೋಗಿಯೂ ಬಂದೆ. ಆಗಲಿಲ್ಲ ನನ್ನ ಕೈಲಿ. ಹಾಗೆ ಓದಿದರೆ ಅದು ನಾನು ಕಸಿದುಕೊಂಡದ್ದು. ಇವರಾಗಿ ಕೊಟ್ಟದ್ದಲ್ಲ. ಕೆಳಗೆ ನಾನು ಕೂತಿರಬೇಕು, ಗಂಟೆ ಹೊಡೆಯಬೇಕು, ಅವು ಒಂದೊಂದಾಗಿ ಇಳಿಯಬೇಕು.

ಈ ಪ್ರೋಗ್ರಾಮು ಯಾವ ಮಾತನ್ನೂ ಕೂಡಿಟ್ಟುಕೊಳ್ಳುವುದಿಲ್ಲ ಎಂದು ಹಾಕುವಾಗ ನೀನು ಹೇಳಿದ್ದು ನನಗೆ ನೆನಪಿದೆ. "ಬಾಯಿಂದ ಬಿದ್ದ ಮಾತಿನ ಥರ ಅಕ್ಕಾ, ಆಡಿದ್ದು ಹೋಯ್ತು ಅಷ್ಟೇ" ಎಂದಿದ್ದೆ. ಹಾಗಾದರೆ ಆಡಿಯೂ ತಲುಪದೆ ನಿಂತ ಮಾತಿನ ಗತಿ ಏನು? ದಾರಿ ಸೇರಿದ ಮೇಲೆ ಕೆಂಪು ಸಾಲುಗಳು ತಾವಾಗಿ ಕೆಳಗೆ ಬರುತ್ತವಾ, ಇಲ್ಲ ಅಳಿಸಿಹೋಗುತ್ತವಾ? ಆಫ್ ಮಾಡಿದರೆ ಇರುತ್ತವಾ? ಅಂಗಡಿಯವನಿಗೆ ಗೊತ್ತಿಲ್ಲ. ಇದನ್ನು ಬರೆದವನು ನೀನು, ನಿನಗೆ ಗೊತ್ತಿರಬೇಕು. ಇದನ್ನು ನೆನೆದರೆ ನಿನಗೆ ನಾಚಿಕೆಯಾಗುತ್ತದಂತೆ, ಕಲಿಯುವಾಗ ಗೀಚಿದ್ದು ಎನ್ನುತ್ತೀಯಂತೆ, ಮಗಳು ಹೇಳಿದಳು. ನಾಚಿಕೆ ಆಮೇಲೆ ಪಡು. ನೀನು ದೊಡ್ಡ ದೊಡ್ಡ ಯಂತ್ರ ರಿಪೇರಿ ಮಾಡುತ್ತೀಯ, ಸಂತೋಷ. ಆದರೆ ನಿನ್ನ ಕೈಯಿಂದ ಆದ ಒಳ್ಳೇ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಈ ಗುಜರಿಯನ್ನೇ ತೋರಿಸುತ್ತೇನೆ.

ಅಲ್ಲಿಯವರೆಗೆ ಮೇಲಿನ ಕಂಪ್ಯೂಟರನ್ನು ಆರಿಸಲು ಯಾರಿಗೂ ಬಿಡುತ್ತಿಲ್ಲ. ಅದರ ಯುಪಿಎಸ್ ಮುದಿಯಾಗಿದೆ, ಕರೆಂಟು ಹೋದರೆ ಹಾಲು ಉಕ್ಕುವಷ್ಟು ಹೊತ್ತೂ ತಡೆಯುವುದಿಲ್ಲವೇನೋ. ಅದು ಕುಂಯ್ ಎಂದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತದೆ. ಈಗ ಬೀದಿಗೆಲ್ಲ ಚೀಟಿ ಹಂಚಿದ್ದಾರೆ: ಇಪ್ಪತ್ತೊಂದನೇ ತಾರೀಖು ಕಂಬ ಬದಲಾಯಿಸುತ್ತಾರಂತೆ, ಬೆಳಗಿನಿಂದ ಸಂಜೆವರೆಗೆ ಕರೆಂಟಿಲ್ಲ. ಆ ದಿನ ಅದು ಆರಿಹೋಗುತ್ತದೆ, ನಾನು ಮೆಟ್ಟಿಲಿಗೆ ಅಡ್ಡ ನಿಂತರೂ ಅಷ್ಟೇ, ಮಲಗಿದರೂ ಅಷ್ಟೇ. ಅದಕ್ಕೆ ಮೊದಲು ಆ ಮಾತುಗಳು ಕೆಳಗಿಳಿಯಬೇಕು. ಇವರ ವಯಸ್ಸು ನಿನಗೆ ಗೊತ್ತು. ಮತ್ತೊಮ್ಮೆ ಅಷ್ಟೂ ಬರೆಯಿರಿ ಎಂದು ನಾನು ಹೇಗೆ ಕೇಳಲಿ? ಕೇಳಿದರೆ ಏನು ಬರೆಯುತ್ತಾರೆ? "ಏನಿಲ್ಲ ಬಿಡು."

ಈ ಕಾಗದವನ್ನು ಇವರಿಗೆ ತೋರಿಸಿಲ್ಲ. ರೂಟರ್ ವಿಷಯ ಬರೆದಿದ್ದೇನೆ ಎಂದಿದ್ದೇನೆ, ಅದು ಸುಳ್ಳಲ್ಲ. ಮಗಳ ಕೈಲಿ ಫೋಟೋ ತೆಗೆಸಿ ಕಳಿಸಿದರೆ ಅವಳು ಓದುತ್ತಾಳೆ, ಅದಕ್ಕೇ ನಾನೇ ನಡೆದುಹೋಗಿ ಕೊರಿಯರಿಗೆ ಕೊಡುತ್ತೇನೆ. ನೀನು ಉತ್ತರವನ್ನು ಮಗಳ ಫೋನಿಗೆ ಕಳಿಸು, ಆದರೆ ಅದರಲ್ಲಿ ಕೆಂಪು ಸಾಲಿನ ಮಾತು ಎತ್ತಬೇಡ. ಪಾಸ್‌ವರ್ಡ್ ಏನು, ನಂಬರು ಏನು, ಬಿಳಿ ಡಬ್ಬಿಗೆ ಯಾವ ಚಾನೆಲ್, ಮೇಲಿನದನ್ನು ಮುಟ್ಟಬಹುದೋ ಮುಟ್ಟಬಾರದೋ, ಅಷ್ಟು ಬರೆ. ಪಾಸ್‌ವರ್ಡ್ ಮರೆತಿದ್ದರೆ ಮರೆತೆ ಎಂದು ಬರೆಯಬೇಡ. ರೈಲು ಹತ್ತು.

ನಿನ್ನ ಕೈಗೆ ಸೋಲು ಬಾರದಿರಲಿ, ನಿನ್ನ ಮನೆಯಲ್ಲಿ ಮಾತು ಮುಗಿಯದಿರಲಿ. ಬೈದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ಮಾಡಿಕೊಂಡರೂ ಒಂದು ವಾರ ಬಿಟ್ಟು ಮಾಡಿಕೋ.

ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ಹತ್ತೊಂಬತ್ತನೇ ತಾರೀಖಿನೊಳಗೆ ಉತ್ತರ ಬರಬೇಕು, ಡಬ್ಬಿ ಹೊಂದಿಸಲು ಒಂದು ದಿನವಾದರೂ ಬೇಕು. ಇಪ್ಪತ್ತಕ್ಕೆ ಬಂದರೆ ಬೇಡ.